ತಿದ್ದಿದ ಗೆರೆಗೂ ಮರ್ಯಾದೆ ಇರಲಿ

ನಟರನ್ನು ನಿಲ್ಲಿಸಿ, ಕ್ಯಾಮೆರಾ ಇಟ್ಟು, ಪೂರ್ತಿ ಸಿನಿಮಾ ತೆಗೆದುಬಿಡುವುದು. ಆಮೇಲೆ ಅದರ ಒಂದೊಂದು ಫ್ರೇಮಿನ ಮೇಲೂ ಗೆರೆ ಎಳೆದು, ಬಣ್ಣ ತುಂಬಿ, ‘ಇದು ಅನಿಮೇಶನ್’ ಎಂದು ತೋರಿಸುವುದು. ಇದನ್ನು ಒಪ್ಪಬೇಕೇ? ಒಪ್ಪಬಾರದು ಎನ್ನುವವರೇ ಹೆಚ್ಚು. 2008ರಲ್ಲಿ ದಕ್ಷಿಣ ಕೊರಿಯಾದಲ್ಲಿ ತೆರೆಕಂಡ ‘ಲೈಫ್ ಈಸ್ ಕೂಲ್’ ಹೀಗೇ ತಯಾರಾದ ಚಿತ್ರ. ನಿರ್ದೇಶಕ ಚೋಯ್ ಇಕ್-ಹ್ವಾನ್. ಕಿಮ್ ಸು-ರೋ, ಕಾಂಗ್ ಸಂಗ್-ಜಿನ್, ಕಿಮ್ ಜಿನ್-ಸು ಎಂಬ ಮೂವರು ಹಳೆಯ ಗೆಳೆಯರಾಗಿ ನಟಿಸಿದ್ದಾರೆ. ಆ ಮೂವರೂ ಮನಸೋಲುವ ಹೆಣ್ಣಾಗಿ ಪಾರ್ಕ್ ಯೆ-ಜಿನ್ ಇದ್ದಾರೆ. ಮೂವರು ಗೆಳೆಯರು, ಒಬ್ಬಳು ಹುಡುಗಿ: ಇಂಥ ಕಥೆ ನಮ್ಮ ಗಾಂಧಿನಗರದಲ್ಲಿ ಎಷ್ಟು ಸಲ ಬಂದುಹೋಗಿದೆಯೋ ಲೆಕ್ಕವಿಲ್ಲ. ಹೊಸದಾಗಿದ್ದದ್ದು ವಿಧಾನ. ರೋಟೊಸ್ಕೋಪ್ ಎಂದು ಕರೆಯುವ ಈ ಕೆಲಸದಿಂದ ಕೊರಿಯಾದಲ್ಲಿ ಪೂರ್ಣಪ್ರಮಾಣದ ಚಿತ್ರವೊಂದು ಬಂದದ್ದು ಅದೇ ಮೊದಲು.

ಯಾದಗಿರಿ ಜಿಲ್ಲೆಯ ಶಹಾಪುರದ ಶಾಲೆಯೊಂದರಲ್ಲಿ ಬಹುಕಾಲ ಚಿತ್ರಕಲೆ ಕಲಿಸಿದ ಮಾಸ್ತರರೊಬ್ಬರಿಗೆ ಈ ವಿಧಾನವನ್ನು ವಿವರಿಸಿದೆ. ಅವರು ತಡಮಾಡಲಿಲ್ಲ. “ಸರ, ಇದು ಕಾಪಿ ಹೊಡದಂಗ ಆತಲ್ರಿ? ಪರೀಕ್ಷಾದಾಗ ಮಾಡಿದ್ರ ಡಿಬಾರ್ ಮಾಡ್ತಿದ್ವಿ” ಅಂದರು. ಅವರ ಮಾತನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿದವರಿಗೆ ಫ್ರೀಹ್ಯಾಂಡ್ ಎಂದರೆ ಒಂದು ವ್ರತ. ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿ, ಪಾರದರ್ಶಕ ಮಾಡಿ, ಭಾರತದ ನಕಾಶೆಯ ಮೇಲಿಟ್ಟು ಗೆರೆ ತೆಗೆದ ಹುಡುಗನ ಕಿವಿ ಹಿಂಡಿದ ಕೈ ಅದು. ಅವರ ವಾದದಲ್ಲಿ ಹುರುಳೂ ಇದೆ. ಕಣ್ಣಿಂದ ನೋಡಿ, ತಲೆಯಲ್ಲಿ ಅಳೆದು, ಕೈಯಿಂದ ಇಳಿಸುವಾಗ ಕಲಾವಿದನ ಮನಸ್ಸು ಮೂರು ಕಡೆ ಕೆಲಸ ಮಾಡುತ್ತದೆ. ಕೆಳಗೆ ಚಿತ್ರವಿಟ್ಟು ಮೇಲೆ ಎಳೆಯುವವನಿಗೆ ಆ ಅಳತೆಯ ಕಷ್ಟವೇ ಇಲ್ಲ. ಅಷ್ಟೇ ಅಲ್ಲ, ಅನಿಮೇಶನ್ನಿನ ಹೆಚ್ಚುಗಾರಿಕೆಯೇ ಕ್ಯಾಮೆರಾಕ್ಕೆ ಆಗದ್ದನ್ನು ಮಾಡುವುದು. ಕ್ಯಾಮೆರಾ ಕಂಡದ್ದನ್ನೇ ಮತ್ತೆ ಬರೆಯುವುದಾದರೆ ಕ್ಯಾಮೆರಾ ಸಾಕಾಗಿತ್ತಲ್ಲ ಎಂಬುದು ಅವರ ಎರಡನೆಯ ಪ್ರಶ್ನೆ.

ನಾನು ಒಪ್ಪುವುದಿಲ್ಲ. ಕಾರಣ ಹೇಳುವುದಕ್ಕೆ ಸ್ವಲ್ಪ ಸುತ್ತಬೇಕಾಗುತ್ತದೆ.

ಅಳತೆಯ ಕಷ್ಟ ಇಲ್ಲವೆಂದಮಾತ್ರಕ್ಕೆ ಆಯ್ಕೆಯ ಕಷ್ಟ ತಪ್ಪುವುದಿಲ್ಲ. ಮನುಷ್ಯನ ಮುಖದ ಫೋಟೋ ಒಂದನ್ನು ಎದುರಿಗಿಟ್ಟುಕೊಳ್ಳಿ, ಅದರಲ್ಲಿ ಗೆರೆ ಎಂಬುದೇ ಇರುವುದಿಲ್ಲ. ನೆರಳಿದೆ, ಬೆಳಕಿದೆ, ಚರ್ಮವಿದೆ. ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದು ಯಾರೂ ಗುರುತು ಹಾಕಿಟ್ಟಿಲ್ಲ. ಕಣ್ಣಿನ ಕೆಳಗಿನ ಸುಕ್ಕು ಬೇಕೋ ಬೇಡವೋ, ತುಟಿಗೆ ಎರಡು ಗೆರೆಯೋ ಒಂದೋ, ನಗುವಾಗ ಹಲ್ಲುಗಳನ್ನು ಬಿಡಿಬಿಡಿಯಾಗಿ ತೋರಿಸಬೇಕೋ ಬಿಳಿಯ ಒಂದು ಪಟ್ಟಿ ಸಾಕೋ, ಇದೆಲ್ಲ ಎಳೆಯುವವನೇ ತೀರ್ಮಾನಿಸಬೇಕು. ಹಲ್ಲನ್ನು ಬಿಡಿಸಿ ಬರೆದರೆ ಇಪ್ಪತ್ತರ ಹುಡುಗಿ ಅರವತ್ತರ ಮುದುಕಿಯಾಗುತ್ತಾಳೆ. ಬರೆದು ನೋಡಿದವರಿಗೆ ಇದು ಗೊತ್ತು. ಒಂದು ಫ್ರೇಮಿನಲ್ಲಿ ಮಾಡಿದ ತೀರ್ಮಾನವನ್ನು ಮುಂದಿನ ಫ್ರೇಮಿನಲ್ಲಿ ಮರೆತರೆ ಮುಖ ನೀರಿನಲ್ಲಿ ಅಲ್ಲಾಡಿದ ಹಾಗೆ ನಡುಗುತ್ತದೆ. ಸೆಕೆಂಡಿಗೆ 24 ಫ್ರೇಮು. ಒಂದು ಬಿಟ್ಟು ಒಂದು ಬರೆದರೂ ನಿಮಿಷಕ್ಕೆ 720 ಚಿತ್ರ. 2017ರ ‘ಲವಿಂಗ್ ವಿನ್ಸೆಂಟ್’ ಎಂಬ ಚಿತ್ರದಲ್ಲಿ ನಟರ ಚಿತ್ರೀಕರಣವನ್ನು ಆಧಾರವಾಗಿಟ್ಟುಕೊಂಡು ನೂರಕ್ಕೂ ಹೆಚ್ಚು ಚಿತ್ರಕಾರರು ಸುಮಾರು 65,000 ಫ್ರೇಮುಗಳನ್ನು ತೈಲವರ್ಣದಲ್ಲಿ ಬರೆದರು. ಸೋಮಾರಿಗಳು ಹಿಡಿಯುವ ದಾರಿ ಇದಲ್ಲ.

ಶಹಾಪುರದ ಹತ್ತಿರ ಬುದ್ಧ ಮಲಗಿದ ಬೆಟ್ಟವಿದೆ. ರಸ್ತೆಯ ಒಂದು ತಿರುವಿನಿಂದ ನೋಡಿದರೆ ಗುಡ್ಡಗಳ ಸಾಲಿನಲ್ಲಿ ಹಣೆ, ಮೂಗು, ಗದ್ದ, ಎದೆ ಎಲ್ಲ ಸ್ಪಷ್ಟ. ಅಲ್ಲಿ ಯಾರೂ ಏನನ್ನೂ ಕೆತ್ತಿಲ್ಲ. ಆಕಾಶಕ್ಕೂ ಕಲ್ಲಿಗೂ ನಡುವಿನ ಅಂಚನ್ನಷ್ಟೇ ಕಣ್ಣು ಹಿಡಿದು, ಉಳಿದ ಬಂಡೆ, ಪೊದೆ, ಮರಗಳನ್ನೆಲ್ಲ ಕೈಬಿಟ್ಟಿದೆ. ಅದೇ ಬೆಟ್ಟವನ್ನು ಹತ್ತಿರ ಹೋಗಿ ಹತ್ತಿದವನಿಗೆ ಬುದ್ಧ ಸಿಗುವುದಿಲ್ಲ, ಕಲ್ಲು ಸಿಗುತ್ತದೆ. ಇರುವುದರ ಮೇಲೆಯೇ ಗೆರೆ ಹಿಡಿದರೂ ಹೊಸದೊಂದು ಕಾಣಿಸಬಲ್ಲದು ಎಂಬುದಕ್ಕೆ ನಮ್ಮ ಕಡೆಯವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ಪರಂಪರೆಯ ವಿಷಯ. ತೊಗಲುಗೊಂಬೆಯವರು ಹದಮಾಡಿದ ಆಡಿನ ತೊಗಲನ್ನು ಹಳೆಯ ಗೊಂಬೆಯ ಮೇಲಿಟ್ಟು ಗೆರೆ ಇಳಿಸಿಕೊಳ್ಳುತ್ತಾರೆ. ಅಜ್ಜನ ಕಾಲದ ರಾಮ ಮೊಮ್ಮಗನ ಕಾಲಕ್ಕೆ ಬರುವುದು ಹಾಗೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಪರದೆಯ ಮೇಲಿನ ಆ ಗೆರೆ ಸ್ವಂತದ್ದೋ ಇಳಿಸಿಕೊಂಡದ್ದೋ ಎಂದು ಯಾರಾದರೂ ಕೇಳಿದರೇ? ಭಾರತದ ಚಿಕಣಿ ಚಿತ್ರಕಲೆಯ (ಮಿನಿಯೇಚರ್) ಶಾಲೆಗಳಲ್ಲಿ ಮೂಲಚಿತ್ರದ ಮೇಲೆ ತೆಳ್ಳನೆಯ ಜಿಂಕೆಯ ತೊಗಲಿಟ್ಟು ಗೆರೆ ತೆಗೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಮೇಲೆ ಇದ್ದಿಲ ಪುಡಿ ಉದುರಿಸಿ ಹೊಸ ಹಾಳೆಗೆ ಇಳಿಸುವ ಪದ್ಧತಿ ಇತ್ತು, ಚರಬಾ ಎನ್ನುತ್ತಿದ್ದರು. ಅದರ ಮೊಮ್ಮಗಳು ಇವತ್ತಿಗೂ ನಮ್ಮ ಪೇಟೆಯ ಟೇಲರಿಂಗ್ ಅಂಗಡಿಯಲ್ಲಿ ಬದುಕಿದ್ದಾಳೆ. ಟ್ರೇಸಿಂಗ್ ಪೇಪರಿಗೆ ತೂತು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿ, ಅದ್ದಿದ ಬಟ್ಟೆಯಿಂದ ಒಂದು ಸವರು. ಕುಪ್ಪಸದ ತೋಳಿನ ಮೇಲೆ ಬಳ್ಳಿ ಬಂದು ಕೂತಿರುತ್ತದೆ. ಕಸೂತಿಯವರು ಇದಕ್ಕೆ ತಕರಾರು ತೆಗೆಯಬಹುದು, ತೆಗೆಯಲಿ. ಅವರು ಗುರುತು ಹಾಕಿಕೊಳ್ಳದೆ ಎಳೆ ಎಣಿಸಿಯೇ ಗೋಪುರ, ತೇರು ಎಬ್ಬಿಸುವವರು, ಆ ಹೆಮ್ಮೆಗೆ ಅರ್ಹರು. ಆದರೆ ಎಣಿಸುವವರಿದ್ದಾರೆಂದು ತಿದ್ದುವವರು ಕಳ್ಳರಾಗುವುದಿಲ್ಲ. ಅಷ್ಟಕ್ಕೂ ಅಕ್ಷರ ಕಲಿತದ್ದು ಹೇಗೆ ನಾವೆಲ್ಲ? ಪಾಟಿಯ ಮೇಲೆ ಮಾಸ್ತರರು ಬರೆದ ‘ಅ’ದ ಮೇಲೆ ತಿದ್ದಿ ತಿದ್ದಿ ಅದನ್ನು ಬೆರಳಿನಷ್ಟು ದಪ್ಪ ಮಾಡಿದವರೇ ಅಲ್ಲವೇ.

ಸಿನಿಮಾಕ್ಕೂ ಕುಂಚಕ್ಕೂ ನಮ್ಮ ಭಾಗದಲ್ಲಿ ಹಳೆಯ ನಂಟಿದೆ. ಎಸ್.ಎಂ. ಪಂಡಿತರು (1916–1993) ಕಲಬುರಗಿಯವರು. ದೇವರ ಕ್ಯಾಲೆಂಡರ್ ಚಿತ್ರಗಳಿಂದ ಮನೆಮನೆಗೆ ಗೊತ್ತಾಗುವ ಮುಂಚೆ ಅವರು ಮುಂಬೈಯಲ್ಲಿ ಸಿನಿಮಾ ಜಾಹೀರಾತಿನ ಚಿತ್ರ ಬರೆಯುತ್ತಿದ್ದರು; ಎಂಜಿಎಂ ಕಂಪನಿಯ ಹಾಲಿವುಡ್ ಚಿತ್ರಗಳಿಗೂ ಬರೆದಿದ್ದಾರೆ. ಆ ಕಸುಬಿನವರೆಲ್ಲ ಕೆಲಸ ಮಾಡುತ್ತಿದ್ದದ್ದು ಸ್ಟಿಲ್ ಫೋಟೋಗಳನ್ನು ಮುಂದಿಟ್ಟುಕೊಂಡೇ, ಗೋಡೆಯಷ್ಟು ದೊಡ್ಡದು ಮಾಡಲು ಫೋಟೋದ ಮೇಲೆ ಚೌಕ ಹಾಕಿಯೇ. ಕ್ಯಾಮೆರಾ ಹಿಡಿದ ಕಪ್ಪು-ಬಿಳುಪು ಮುಖ ಇವರ ಕೈಯಲ್ಲಿ ಕೆಂಪಾಗಿ, ಹಸಿರಾಗಿ, ಉರಿಯುವ ಹಾಗೆ ಎದ್ದು ಬರುತ್ತಿತ್ತು. ಕಲಬುರಗಿಯ ರಂಗಮಂದಿರಕ್ಕೆ ಪಂಡಿತರ ಹೆಸರಿದೆ. ಒಂದು ಪೋಸ್ಟರ್ ಬರೆದರೆ ಕಲಾವಿದ, ಅದನ್ನೇ ಸಾವಿರಾರು ಬರೆದು ಓಡಿಸಿದರೆ ನಕಲುಗಾರ ಎನ್ನುವ ತರ್ಕ ನನಗೆ ಅರ್ಥವಾಗುವುದಿಲ್ಲ.

ಇಷ್ಟು ಹೇಳಿದರೆ ಮಾಸ್ತರರ ಮೊದಲ ಪ್ರಶ್ನೆಗೆ ಉತ್ತರವಾದೀತು. ಎರಡನೆಯದೇ ನಿಜವಾದ ಪ್ರಶ್ನೆ: ಕಲ್ಪನೆಗೆ ರೆಕ್ಕೆ ಕಟ್ಟುವ ಮಾಧ್ಯಮವನ್ನು ಹಿಡಿದುಕೊಂಡು ನೆಲಕ್ಕೆ ಏಕೆ ಅಂಟಿಕೊಳ್ಳಬೇಕು? ಇಲ್ಲಿ ಕಲ್ಪನೆಯ ಪರವಾಗಿ ಮಾತನಾಡುವವರಿಗೆ ನಾನು ಒಂದು ಹಳೆಯ ಲೆಕ್ಕ ತೋರಿಸಬೇಕು.

ಅಮೆರಿಕದ ಮ್ಯಾಕ್ಸ್ ಫ್ಲೈಶರ್ ರೋಟೊಸ್ಕೋಪ್ ಯಂತ್ರಕ್ಕೆ ಪೇಟೆಂಟ್ ಕೇಳಿದ್ದು 1915ರಲ್ಲಿ, ಸಿಕ್ಕಿದ್ದು 1917ರಲ್ಲಿ. ತಮ್ಮ ಡೇವ್‌ಗೆ ವಿದೂಷಕನ ವೇಷ ಹಾಕಿ ಕುಣಿಸಿ, ಆ ಚಿತ್ರೀಕರಣದ ಮೇಲೆ ಗೆರೆ ಎಳೆದು ಕೋಕೋ ಎಂಬ ಪಾತ್ರ ಮಾಡಿದ. ಅಲ್ಲಿಂದ ಮುಂದೆ ಒಂದು ವಿಚಿತ್ರ ನಡೆಯಿತು. ಡಿಸ್ನಿ ಸಂಸ್ಥೆ 1937ರಲ್ಲಿ ‘ಸ್ನೋ ವೈಟ್’ ತೆಗೆದಾಗ ರಾಜಕುಮಾರಿಯ ನಡಿಗೆ, ಕುಣಿತಕ್ಕೆ ಮಾರ್ಜರಿ ಬೆಲ್ಚರ್ ಎಂಬ ಹದಿಹರೆಯದ ನರ್ತಕಿಯನ್ನು ಕುಣಿಸಿ ಚಿತ್ರೀಕರಿಸಿ ಆಧಾರ ಮಾಡಿಕೊಂಡರು. ಏಳು ಮಂದಿ ಕುಳ್ಳರು ಮಾತ್ರ ಬಹುಮಟ್ಟಿಗೆ ಕಲ್ಪನೆಯ ಕೂಸುಗಳು: ಉಬ್ಬಿದ ಮೂಗು, ಉರುಳುವ ಹೊಟ್ಟೆ, ಮುಗ್ಗರಿಸುವ ಕಾಲು. ಎರಡು ವರ್ಷ ಬಿಟ್ಟು ಫ್ಲೈಶರ್ ಕಂಪನಿಯೇ ‘ಗಲಿವರ್ಸ್ ಟ್ರಾವೆಲ್ಸ್’ ಮಾಡಿತು. ಗಲಿವರನಿಗೆ ನಿಜ ಮನುಷ್ಯನ ಮೈಮಾಟ, ಲಿಲಿಪುಟ್ಟಿನವರಿಗೆ ವ್ಯಂಗ್ಯಚಿತ್ರದ ಮೈ. ಗಲಿವರ್ ಅಲ್ಲಿ ಪರದೇಶಿಯಾದ್ದರಿಂದ ಈ ಭೇದ ಕಥೆಗೆ ಹೊಂದಿತು, ಅದನ್ನು ಒಪ್ಪುತ್ತೇನೆ. ಆದರೂ ಹಂಚಿಕೆಯನ್ನು ಗಮನಿಸಿ: ನಾಯಕ, ನಾಯಕಿಯರಿಗೆ ತಿದ್ದಿದ ಗೆರೆ, ಘನತೆ. ಚಿಕ್ಕವರಿಗೆ ಸ್ವತಂತ್ರ ಗೆರೆ, ನಗೆಪಾಟಲು. ಅದಕ್ಕೂ ಮೊದಲೇ, 1932ರಲ್ಲಿ, ಇದೇ ಕಂಪನಿಯವರು ಕ್ಯಾಬ್ ಕ್ಯಾಲೊವೆ ಎಂಬ ಕಪ್ಪು ಗಾಯಕನ ಕುಣಿತವನ್ನು ಬೆಟ್ಟಿ ಬೂಪ್ ಚಿತ್ರವೊಂದಕ್ಕೆ ತಿದ್ದಿಕೊಂಡರು. ಅವನ ಹೆಜ್ಜೆ ಇಟ್ಟುಕೊಂಡರು, ಮೈ ಮಾತ್ರ ವಾಲ್ರಸ್ ಎಂಬ ಕಡಲಪ್ರಾಣಿಯ ದೆವ್ವದ್ದು. ಆ ಹೆಜ್ಜೆ ಎಷ್ಟು ಅಪ್ಪಟವೆಂದರೆ ದೆವ್ವದೊಳಗೂ ಕ್ಯಾಲೊವೆಯೇ ಕಾಣುತ್ತಾನೆ.

ಈ ಹಂಚಿಕೆ ನಮಗೆ ಪರಿಚಿತವಾದದ್ದೇ. ಕನ್ನಡ ಸಿನಿಮಾದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಮನುಷ್ಯ ಬಂದನೆಂದರೆ ಏನು ಬರುತ್ತದೆ? ದೊಡ್ಡ ಮೀಸೆ, ಹೆಗಲಿಗೆ ಟವೆಲ್, ಕೈ ಎತ್ತಿ ಆಡಿಸುವ ಮಾತು, ವಾಕ್ಯಕ್ಕೊಂದು ಬೈಗುಳ. ಧಾರವಾಡವೋ ಕಲಬುರಗಿಯೋ ಬಿಜಾಪುರವೋ ಎಲ್ಲ ಒಂದೇ ಸೇರಿನಲ್ಲಿ ಅಳೆದ ಭಾಷೆ. ಅವನು ನಗಿಸುತ್ತಾನೆ, ಇಲ್ಲವೇ ಹೊಡೆಯುತ್ತಾನೆ. ಪ್ರೀತಿಸುವುದು ಅಪರೂಪ, ಪ್ರೀತಿಸಿದರೂ ಭಾಷೆ ಬದಲಾಯಿಸಿಕೊಂಡು ಪ್ರೀತಿಸುತ್ತಾನೆ. ಅಪವಾದಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಸಾಮಾನ್ಯವಾಗಿ ನಮ್ಮನ್ನು ಬರೆದವರು ನೋಡಿ ಬರೆದವರಲ್ಲ, ಊಹಿಸಿ ಬರೆದವರು. ಸ್ವತಂತ್ರ ಕಲ್ಪನೆ ಎಂಬ ದೊಡ್ಡ ಹೆಸರಿನಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ. ಹಾಗಾಗಿ ವಡಗೇರಾದಲ್ಲಿ ಕೂತ ನನ್ನಂಥವನಿಗೆ ತಿದ್ದುವ ಗೆರೆಯ ಮೇಲೆ ಅನುಮಾನಕ್ಕಿಂತ ಆಸೆ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ತಿದ್ದುವವನು ಕಡೇಪಕ್ಷ ಒಮ್ಮೆ ಎದುರಿನ ಮನುಷ್ಯನನ್ನು ನೋಡಲೇಬೇಕಾಗುತ್ತದೆ.

ಕೊರಿಯಾದ ಚಿತ್ರ ನನಗೆ ಮುಖ್ಯವಾಗುವುದು ಇಲ್ಲೇ. ಅಲ್ಲಿ ಪಾತ್ರಗಳ ನಡುವೆ ಆ ಹಂಚಿಕೆ ಇಲ್ಲ. ಮೂವರು ಗೆಳೆಯರೂ ಅವರು ಮೆಚ್ಚಿದವಳೂ ಒಂದೇ ಬಗೆಯ ಗೆರೆಯಲ್ಲಿದ್ದಾರೆ. ಅದು ಮೇರುಕೃತಿ ಎಂದು ನಾನು ಸಾಧಿಸಹೊರಟಿಲ್ಲ, ಕಥೆಯಂತೂ ತೆಳುವೇ. ಆದರೆ ಯಾವ ದೈತ್ಯನೂ ಮಾಯಾಲೋಕವೂ ಇಲ್ಲದ, ಬರೀ ಪ್ರೀತಿ-ಮುಜುಗರಗಳ ಕಥೆಗೆ ಈ ವಿಧಾನ ಏಕೆ ಎಂದು ಕೇಳುವವರಿಗೆ ತಿರುಗಿ ಹೇಳಬೇಕೆನಿಸುತ್ತದೆ: ಪ್ರೀತಿಯ ಕಥೆಗೇ ಇದು ಹೆಚ್ಚು ಬೇಕಾದದ್ದು. ಯಾದಗಿರಿ ಸ್ಟೇಷನ್ನಿನಲ್ಲಿ ಬೆಂಗಳೂರಿಗೆ ದುಡಿಯಲು ಹೊರಟವರನ್ನು ಬಿಡಲು ಬಂದವರನ್ನು ನೋಡಿ. ಉದ್ಯಾನ್ ಎಕ್ಸ್‌ಪ್ರೆಸ್ ಬರುವ ಹೊತ್ತು. ಹೊಸದಾಗಿ ಮದುವೆಯಾದ ಹುಡುಗ, ಹುಡುಗಿ. ಅತ್ತೆ-ಮಾವ ಪಕ್ಕದಲ್ಲೇ ಇದ್ದಾರೆ, ಮುಟ್ಟುವ ಹಾಗಿಲ್ಲ. ಅವಳು ರೊಟ್ಟಿಗಂಟಿನ ಚೀಲ ಕೊಡುತ್ತಾಳೆ, ಅವನು ಹಿಡಿಯುತ್ತಾನೆ, ಆದರೆ ಅವಳು ಕೈ ಬಿಡುವುದಿಲ್ಲ. ಚೀಲದ ಹಿಡಿಕೆ ಎರಡು ಕೈಯಲ್ಲೂ ಇರುವ ಆ ಒಂದೆರಡು ಗಳಿಗೆ ಅವನು ಅವಳ ಮುಖ ನೋಡುವುದಿಲ್ಲ, ಬೋಗಿಯ ನಂಬರು ನೋಡುತ್ತಿರುತ್ತಾನೆ. ಇದನ್ನು ಕುಳಿತು ಕಲ್ಪಿಸಿಕೊಳ್ಳುವ ಅನಿಮೇಟರ್ ಏನು ಮಾಡುತ್ತಾನೆ? ಹುಡುಗಿಯ ಕಣ್ಣನ್ನು ತಟ್ಟೆಯಷ್ಟು ಮಾಡುತ್ತಾನೆ, ನೀರು ತುಂಬಿಸುತ್ತಾನೆ. ಬರೀ ಕ್ಯಾಮೆರಾ ಇಟ್ಟರೆ? ನಟಿ ಯಾರು, ಮೇಕಪ್ ಹೇಗಿದೆ, ಹಿಂದೆ ನಿಂತ ಚಹಾದವನು ಕ್ಯಾಮೆರಾ ಕಡೆ ನೋಡಿದನಾ ಎಂಬಲ್ಲಿ ನಮ್ಮ ಕಣ್ಣು ಚೆದುರುತ್ತದೆ. ತಿದ್ದುವ ಗೆರೆಗೆ ಆ ಹಿಡಿಕೆಯ ಮೇಲಿನ ನಾಲ್ಕು ಬೆರಳಷ್ಟನ್ನೇ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಡುವ ಅವಕಾಶವಿದೆ, ಬೆರಳಿನ ಬಿಗಿ ಮಾತ್ರ ನಿಜದ್ದು.

ವಿರೋಧಿಗಳ ಚೀಲದಲ್ಲಿ ಇನ್ನೂ ಒಳ್ಳೆಯ ಕಲ್ಲುಗಳಿವೆ. 1978ರಲ್ಲಿ ರಾಲ್ಫ್ ಬಾಕ್ಷಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮಾಡಿದಾಗ ಯುದ್ಧದ ದೃಶ್ಯಗಳಲ್ಲಿ ಹಲವು ಕಡೆ ಚಿತ್ರೀಕರಣದ ಮೇಲೆ ಬಣ್ಣ ಬಳಿದದ್ದೇ ಕಾಣುತ್ತದೆ. ಗೆರೆಯೂ ಇಲ್ಲ, ಆಯ್ಕೆಯೂ ಇಲ್ಲ. ಈಚೆಗಂತೂ ಮೊಬೈಲು ತೆರೆದರೆ ಸಾಕು. 2025ರ ಮಾರ್ಚಿನಲ್ಲಿ ಜಪಾನಿನ ಜಿಬ್ಲಿ ಸ್ಟುಡಿಯೋ ಶೈಲಿಗೆ ತಮ್ಮ ಫೋಟೋ ತಿರುಗಿಸಿಕೊಳ್ಳುವ ಹುಚ್ಚು ಎಲ್ಲರಿಗೂ ಹಿಡಿದಿತ್ತು, ನಮ್ಮ ಊರಿನ ವಾಟ್ಸ್ಯಾಪ್ ಗುಂಪಿನಲ್ಲೂ ಎಲ್ಲರ ಡಿಪಿ ಒಂದೇ ಗುಲಾಬಿ ಕೆನ್ನೆ. ಮದುವೆ ಆಲ್ಬಮ್ಮಿನಲ್ಲಿ ಆಯಿಲ್ ಪೇಂಟ್ ಎಫೆಕ್ಟ್ ಹಾಕಿಕೊಡುವ ಸ್ಟುಡಿಯೋಗಳು ಅದಕ್ಕೂ ಮೊದಲಿನಿಂದ ಇವೆ. ಇದನ್ನೆಲ್ಲ ಕಂಡು ‘ನೋಡಿ, ನಿಮ್ಮ ತಿದ್ದುವಿಕೆ ಎಲ್ಲಿಗೆ ಬಂತು’ ಎನ್ನುವವರಿದ್ದಾರೆ. ನನ್ನ ಉತ್ತರ ಸಣ್ಣದು: ಅಲ್ಲಿ ಎಲ್ಲರನ್ನೂ ಒಂದೇ ಮುಖ ಮಾಡಿದ್ದಾರೆ, ಅಂದರೆ ಯಾರನ್ನೂ ತಿದ್ದಿಲ್ಲ.

ನನಗೂ ಇರುಸುಮುರುಸಾಗುವುದು ಬೇರೆ ಕಡೆ. 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಬಂತು. ನಟ ವಿಷ್ಣುವರ್ಧನ್ ತೀರಿಕೊಂಡು ಆರು ವರ್ಷ ಮೇಲಾಗಿತ್ತು. ಬೇರೊಬ್ಬರ ದೇಹಕ್ಕೆ ಗ್ರಾಫಿಕ್ಸಿನಿಂದ ಅವರ ಮುಖ ಕೂಡಿಸಿ ತೆರೆಗೆ ತಂದರು. 1972ರ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಅವರನ್ನು ನಾಯಕನನ್ನಾಗಿ ಮಾಡಿತ್ತು, ಅದೇ ಹೆಸರಿನ ಚಿತ್ರದಲ್ಲಿ ಅವರಿಲ್ಲದ ಅವರು. ಅಭಿಮಾನಿಗಳು ಶಿಳ್ಳೆ ಹೊಡೆದರು, ಕಣ್ಣೀರಿಟ್ಟರು. ಆ ಪ್ರೀತಿಯನ್ನು ಹಗುರ ಮಾಡುವ ಹಕ್ಕು ನನಗಿಲ್ಲ. ಆದರೆ ಆ ಹಳೆಯ ಚಿತ್ರದ ರಾಮಾಚಾರಿಯ ಸಿಟ್ಟಿನಲ್ಲಿ ಕತ್ತು ಸೆಟೆಯುತ್ತಿದ್ದ ಆ ಬಗೆ ವಿಷ್ಣು ಅವರದು, ಅವರು ಆ ದಿನ ಆ ಜಾಗದಲ್ಲಿ ನಿಂತು ಮಾಡಿದ್ದು. 2016ರ ಮುಖದ ಅಡಿಯಲ್ಲಿ ಅಂಥ ದಿನವಿಲ್ಲ. ಕೊರಿಯಾದ ಚಿತ್ರದಲ್ಲಿ ಪಾರ್ಕ್ ಯೆ-ಜಿನ್ ಗೆರೆಯಾಗಿ ಕಂಡರೂ ತಲೆ ತಿರುಗಿಸಿದ್ದು ಅವರೇ, ಒಪ್ಪಿಯೇ ತಿರುಗಿಸಿದ್ದು. ಅಡಿಯಲ್ಲಿ ಮನುಷ್ಯನಿದ್ದಾನೆಯೇ, ಅವನು ಒಪ್ಪಿದ್ದಾನೆಯೇ, ಅವನ ಹೆಸರು ಹಾಕಿದ್ದಾರೆಯೇ: ನಕಲೋ ಅಸಲೋ ಎಂಬ ಜಗಳಕ್ಕಿಂತ ಈ ಪ್ರಶ್ನೆಗಳನ್ನು ಕೇಳಿದರೆ ಒಳ್ಳೆಯದು. ಮಾರ್ಜರಿ ಬೆಲ್ಚರ್ ಹೆಸರು ‘ಸ್ನೋ ವೈಟ್’ ಚಿತ್ರದ ಶೀರ್ಷಿಕೆಗಳಲ್ಲಿ ಇರಲಿಲ್ಲ. ಡಿಬಾರ್ ಮಾಡುವುದಿದ್ದರೆ ಅದಕ್ಕೆ ಮಾಡಬೇಕಿತ್ತು.

ಕೊರಿಯಾದ ಧಾರಾವಾಹಿಗಳನ್ನು ಹಿಂದಿಯಲ್ಲಿ ನೋಡಿ ಅವರ ನಾಯಕರ ಹಾಗೆ ಕೂದಲು ಬಿಟ್ಟುಕೊಂಡ ಹುಡುಗರು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಅವರಲ್ಲಿ ಯಾರಿಗಾದರೂ ತಮ್ಮದೇ ಪ್ರೀತಿಯ ಕಥೆಯೊಂದನ್ನು ಹೀಗೆ ಮಾಡುವ ಮನಸ್ಸಾದರೆ ದೊಡ್ಡ ಸ್ಟುಡಿಯೋ ಏನೂ ಬೇಕಿಲ್ಲ. ಮೊಬೈಲಿನಲ್ಲಿ ಚಿತ್ರೀಕರಣ ಆಗುತ್ತದೆ. ಬ್ಲೆಂಡರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದರಲ್ಲಿ ವಿಡಿಯೋವನ್ನು ಕೆಳಗಿಟ್ಟು ಮೇಲೆ ಗೆರೆ ಎಳೆಯುವ ಸೌಕರ್ಯವಿದೆ. ಹತ್ತು ನಿಮಿಷದ ಚಿತ್ರಕ್ಕೆ 7,200 ಗೆರೆಚಿತ್ರ. ನಾಲ್ಕು ಜನ ದಿನಕ್ಕೆ ಹತ್ತತ್ತು ಬರೆದರೆ ಆರು ತಿಂಗಳ ಕೆಲಸ, ಹತ್ತಿ ಬಿಡಿಸುವ ಕಾಲದಲ್ಲಿ ಯಾರೂ ಸಿಗುವುದಿಲ್ಲವಾದ್ದರಿಂದ ಎಂಟು ಎಂದಿಟ್ಟುಕೊಳ್ಳಿ. ನಟಿಸಿದವರ ಒಪ್ಪಿಗೆ ಕಾಗದದ ಮೇಲಿರಲಿ, ಹುಡುಗಿಯದಂತೂ ಮೊದಲು; ಗೆರೆ ಎಳೆದವರ ಹೆಸರು ನಿರ್ದೇಶಕನ ಹೆಸರಿನಷ್ಟೇ ದೊಡ್ಡದಿರಲಿ. ಶಹಾಪುರದ ಮಾಸ್ತರರನ್ನು ಕರೆದರೆ ಬರುತ್ತಾರೆ, ಬೈಯುತ್ತಲೇ ಹಲ್ಲು ಹೇಗೆ ಬರೆಯಬಾರದು ಎಂದು ಹೇಳಿಕೊಡುತ್ತಾರೆ. ಮಾತನ್ನು ಮಾತ್ರ ಚಿತ್ರೀಕರಣದ ಹೊತ್ತಿಗೇ ನಮ್ಮ ಭಾಷೆಯಲ್ಲೇ ಮುದ್ರಿಸಿಕೊಳ್ಳಬೇಕು. “ಯಾವಾಗ ಬರ್ಲತ್ತಿ?” ಎಂದು ಅವಳು ಕೇಳಿದ್ದರೆ ಗೆರೆಯ ತುಟಿಯೂ ಹಾಗೆಯೇ ಆಡಿರುತ್ತದೆ, ಆಮೇಲೆ ಬೆಂಗಳೂರಿನಲ್ಲಿ ಯಾರಿಂದಲೋ ಡಬ್ ಮಾಡಿಸಿದರೆ ಕೂಡುವುದಿಲ್ಲ.